ಓಬಳೆಪ್ಪನ ನಂಬರು

ಯಂಕೇಶನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಇದು ಗುಣವೋ ರೋಗವೋ ಎಂಬ ವಿಷಯದಲ್ಲಿ ಅವನ ಹೆಂಡತಿ ಲಲಿತಾಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಕುಕನೂರಿನಲ್ಲಿ ಹುಟ್ಟಿ, ಕೊಪ್ಪಳದಲ್ಲಿ ಬಿ.ಎಸ್ಸಿ. ಮುಗಿಸಿ, ಗಂಗಾವತಿ ಸೀಮೆಯ ಒಂದು ಕಾಲುವೆಯ ಕಂಟ್ರೋಲ್ ರೂಮಿನಲ್ಲಿ ಗುತ್ತಿಗೆ ನೌಕರಿ ಹಿಡಿದ ಈ ಮನುಷ್ಯನನ್ನು ಯಾರು ಯಾವುದಕ್ಕೆ ಬೇಕಾದರೂ ಕರೆಯಬಹುದಿತ್ತು. ಪ್ರಿಂಟರು ಹಾಳೆ ನುಂಗಿದರೆ ಯಂಕೇಶ, ಫ್ಯಾನು ಕಿರುಗುಟ್ಟಿದರೆ ಯಂಕೇಶ, ಸಾಹೇಬರ ಮಗಳ ಸಿಇಟಿ ಅರ್ಜಿ ತುಂಬಲಿಕ್ಕೂ ಯಂಕೇಶ. ಕರೆದವರಿಗೆಲ್ಲ "ಆಯ್ತ್ ಬಿಡ್ರಿ" ಎನ್ನುವನು, ಎದ್ದು ಹೋಗುವನು. ಯಾವ ಕಾಲುವೆ ಎಂದು ನಾನು ಹೇಳುವುದಿಲ್ಲ. ನೀರು ಹರಿಯುವ ಎಲ್ಲ ಕಡೆಯೂ ಇಂಥದ್ದು ಒಂದಿಷ್ಟು ಇದ್ದೇ ಇರುತ್ತದೆ.

ಅವನ ಅಸಲಿ ಕೆಲಸ ಬೇರೆಯೇ ಇತ್ತು. ಕಾಲುವೆಯ ಗೇಟುಗಳನ್ನು ಈಗ ಯಾರೂ ಕೈಯಿಂದ ತಿರುವುವುದಿಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತವರು ಕಂಪ್ಯೂಟರಿನಲ್ಲಿ ಒತ್ತಿದರೆ, ಹರದಾರಿ ದೂರದಲ್ಲಿ ಮೋಟಾರು ತಿರುಗಿ ಗೇಟು ಏಳುತ್ತದೆ. ಕಂಪ್ಯೂಟರುಗಳೆಲ್ಲ ಲಿನಕ್ಸ್‌ನವು. ಯಾರು ಒಳಗೆ ಬರಬಹುದು, ಬಂದವರು ಯಾವ ಗೇಟು ಮುಟ್ಟಬಹುದು ಎಂಬುದೆಲ್ಲ ಡೈರೆಕ್ಟರಿ ಎಂಬ ಒಂದೇ ಜಾಗದಲ್ಲಿ ಇರುತ್ತದೆ. ಯಾವ ಕಂಪ್ಯೂಟರಿನ ಮುಂದೆ ಕೂತು ಹೆಸರು ಹೊಡೆದರೂ ಅದು ಡೈರೆಕ್ಟರಿಯನ್ನು ಕೇಳುತ್ತದೆ: ಇವರು ಯಾರು, ಇವರಿಗೆ ಏನು ಹಕ್ಕಿದೆ? ಡೈರೆಕ್ಟರಿ ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟಿರುತ್ತದೆ. ಹೆಸರು ನಮ್ಮ ನಿಮ್ಮ ಸಮಾಧಾನಕ್ಕೆ. ಕಂಪ್ಯೂಟರು ಗುರುತು ಹಿಡಿಯುವುದು ನಂಬರಿನಿಂದ, ಹಕ್ಕು ಕೊಡುವುದೂ ಆ ನಂಬರಿಗೆ. ಈ ಡೈರೆಕ್ಟರಿಯನ್ನು ನೋಡಿಕೊಳ್ಳುವುದೇ ಯಂಕೇಶನ ಕೆಲಸ. ಯಾರದಾದರೂ ಲಾಗಿನ್ ಆಗಲಿಲ್ಲವೆಂದರೆ ಅವನು ನಗುತ್ತ ಬಂದು, ಬೆನ್ನ ಹಿಂದೆ ನಿಂತು, ಎಲ್ಲಿ ಕೈ ಇಟ್ಟರೆ ಸರಿಯಾಗುತ್ತದೆಂದು ಒಂದೆರಡು ಪ್ರಶ್ನೆಯಲ್ಲೇ ಹೇಳಿಬಿಡುತ್ತಿದ್ದ. ಆ ಕೆಲಸದಲ್ಲಿ ಅವನಿಗೆ ಭಾರೀ ಖುಷಿಯಿತ್ತು.

ಅಲ್ಲಿ ಓಬಳೆಪ್ಪ ಎಂಬ ಹಳೆಯ ಲಸ್ಕರನಿದ್ದ. ಲಸ್ಕರ ಎಂದರೆ ಗೇಟು ಕಾಯುವವನು. ಮೋಟಾರು ಬಂದ ಮೇಲೆ ಉಳಿದ ಲಸ್ಕರರು ಕೈ ಎತ್ತಿದರೆ, ಓಬಳೆಪ್ಪ ಮಾತ್ರ ಕಂಪ್ಯೂಟರು ಕಲಿತು ಕಂಟ್ರೋಲ್ ರೂಮಿಗೆ ಬಂದ. ಒಂದು ದಿನ ಮುಂಜಾನೆ ಗೇಟಿಗೆ ಸಿಕ್ಕಿದ ಕಸ ತೆಗೆಯಲು ಹೋದವನು ವಾಪಸು ಬರಲಿಲ್ಲ. ಕೆಳಗಿನ ತೂಬಿನ ಹತ್ತಿರ ಸಿಕ್ಕ. ಕಾಲು ಜಾರಿತು ಎಂದು ಬರೆದರು. ಕಾಲುವೆ ದಂಡೆಯ ಮೇಲೆಯೇ ಕೂದಲು ಬೆಳ್ಳಗಾದ ಮನುಷ್ಯನಿಗೆ ಅವತ್ತೇ ಕಾಲು ಯಾಕೆ ಜಾರಿತು ಎಂದು ಯಾರೂ ಕೇಳಲಿಲ್ಲ, ಯಂಕೇಶನೂ ಕೇಳಲಿಲ್ಲ.

ಲಸ್ಕರರಲ್ಲಿ ಒಂದು ರೂಢಿಯಿದೆ. ಗೇಟು ತಿರುವುವ ಕಬ್ಬಿಣದ ಹ್ಯಾಂಡಲ್ಲನ್ನು ನೆಲಕ್ಕಿಟ್ಟು ಹೋಗುವಂತಿಲ್ಲ. ನಿವೃತ್ತನಾದವನು ಮುಂದಿನವನ ಕೈಗೆ ಕೊಟ್ಟೇ ಹೋಗಬೇಕು. ಕೆಲಸದಲ್ಲಿದ್ದಾಗಲೇ ಸತ್ತರೆ ಅದು ಮನೆಯ ಜಗಲಿಯ ಮೇಲೆ ಅವನ ಫೋಟೋದ ಹತ್ತಿರ ಇರುತ್ತದೆ, ಆ ಜಾಗಕ್ಕೆ ಬಂದವರು ಹೋಗಿ ತರುತ್ತಾರೆ. ಮೋಟಾರು ಬಂದು ಹ್ಯಾಂಡಲ್ ಕೆಲಸಕ್ಕೆ ಬಾರದಂತಾದರೂ ರೂಢಿ ಹೋಗಿಲ್ಲ. ಓಬಳೆಪ್ಪನ ಮಗಳು ಗೀತಾಗೆ ಅನುಕಂಪದ ಮೇಲೆ ಅಪ್ಪನ ನೌಕರಿ ಸಿಕ್ಕಾಗ ಅವಳು ಹ್ಯಾಂಡಲ್ಲನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬಂದಳು. ಜೊತೆಗೆ ತಾಯಿ ಹೊಳಿಯಮ್ಮನೂ ಬಂದಿದ್ದಳು. ಮಗಳು ರುಜು ಮಾಡುವ ತನಕ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಯಂಕೇಶನ ಹತ್ತಿರ ಬಂದಳು.

"ಯಪ್ಪಾ, ಅವರ ಹೆಸರು ಈ ಮಿಷನ್‌ನ್ಯಾಗ ಐತಿ ಅಂತಾರಲ್ಲ, ಖರೇ ಏನು?"

"ಐತಿ ಬೇ ಯವ್ವಾ. ಇನ್ನ ತೆಗೀಬೇಕು."

"ತೆಗೀಬ್ಯಾಡೋ ಯಪ್ಪಾ. ಮಗಳು ಅವರ ಜಾಗಕ್ಕ ಬಂದಾಳ, ಅವರ ಜಾಗದಾಗ ಕುಂದ್ರಲಿ. ಅಳಿಸಿದ್ರ ಅವರು ಪೂರಾ ಹೋದಂಗ ಆಗ್ತೈತಿ."

ನಿಯಮ ಯಂಕೇಶನಿಗೆ ಬಾಯಿಪಾಠವಿತ್ತು. ಸತ್ತವರ ನಂಬರನ್ನು ಮುಚ್ಚಬೇಕು, ಹೊಸಬರಿಗೆ ಹೊಸ ನಂಬರು ಕೊಡಬೇಕು. ಆದರೆ ಎದುರಿಗೆ ಹೊಳಿಯಮ್ಮ ಬೋಳು ಹಣೆಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ಆ ಹುಡುಗಿ ಹ್ಯಾಂಡಲ್ ಹಿಡಿದುಕೊಂಡಿತ್ತು. ಅವನು ಆಯ್ತೆಂದ. ಓಬಳೆಪ್ಪನ ನಂಬರನ್ನು ಹಾಗೇ ಉಳಿಸಿ ಮೇಲಿನ ಹೆಸರನ್ನಷ್ಟೇ ಗೀತಾ ಎಂದು ಬದಲಾಯಿಸಿದ. ಅಪ್ಪನ ಕಡತಗಳು, ಅಪ್ಪನ ಹಕ್ಕುಗಳು, ಅಪ್ಪ ಮುಟ್ಟುತ್ತಿದ್ದ ಗೇಟುಗಳು, ಒಂದೂ ಬಿಡದೆ ಮಗಳಿಗೆ ಬಂದವು. ಹೊಳಿಯಮ್ಮ ಕೈ ಮುಗಿದಳು. ಇಂಥ ತಪ್ಪು ಬೆಂಗಳೂರಿನ ಯಾವ ಕಂಪನಿಯಲ್ಲೂ ಆಗುವುದಿಲ್ಲ, ಅಲ್ಲಿ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ನಿಂತು ಹೀಗೆ ಕೇಳುವುದೂ ಇಲ್ಲ.

ಮಳೆಗಾಲ ಕಳೆದು ನೀರಿನ ಸರದಿ ಸುರುವಾಯಿತು. ಮೇಲಿನವರಿಗೆ ಒಂದು ವಾರ, ಕೆಳಗಿನವರಿಗೆ ಒಂದು ವಾರ. ಕೆಳಗಿನವರ ವಾರದಲ್ಲಿ ಮೇಲಿನ ಗೇಟುಗಳು ಮುಚ್ಚಿರಬೇಕು. ಒಂದು ದಿನ ಕಾಲುವೆಯ ಕೊನೆಯ ಹಳ್ಳಿಗಳವರು ಟ್ರ್ಯಾಕ್ಟರು ತುಂಬ ಬಂದಿಳಿದರು. ನಾಟಿ ಮಾಡಿದ ಭತ್ತ ಒಣಗುತ್ತಿದೆ, ನಮ್ಮ ವಾರದ ನೀರು ನಮಗೇ ಮುಟ್ಟಿಲ್ಲ, ಮೇಲೆ ತೋಟದವರ ಗೇಟು ಮಧ್ಯಾಹ್ನದ ಹೊತ್ತು ತೆರೆದಿರುತ್ತದೆ ಎಂದು ಕೂಗಾಡಿದರು. ವಿಭಾಗದ ಎಂಜಿನಿಯರ್ ಗೋವಿಂದರಾಜ ಸಾಹೇಬರು ಯಾರು ತೆರೆದರೆಂದು ದಾಖಲೆ ತೆಗೆಸಿ ನೋಡಿದರು. ಪರದೆಯ ಮೇಲೆ ಗೀತಾ ಎಂದು ಬಂತು.

ಗೋವಿಂದರಾಜರು ಒಳ್ಳೆಯ ಮನುಷ್ಯ ಎಂದೇ ಹೆಸರು. ಯಾರ ಮೇಲೂ ದನಿ ಏರಿಸಿದವರಲ್ಲ. ಗೀತಾಳನ್ನು ಕೂರಿಸಿ, ಚಹಾ ತರಿಸಿ, "ನೀ ಇನ್ನೂ ಪ್ರೊಬೇಷನ್‌ದಾಗ ಅದೀ ತಂಗಿ, ಇನ್ನೊಮ್ಮೆ ಆದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ" ಎಂದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದಳೋ ಏನೋ. ಚಹಾ ಕುಡಿದು ಬಂದವಳ ಮುಖ ಬಿಳಿಚಿಕೊಂಡಿತ್ತು.

"ನಾ ಮುಟ್ಟಿಲ್ರಿ ಅಣ್ಣಾರ" ಎಂದಳು ಯಂಕೇಶನಿಗೆ. "ಆ ಹೊತ್ತಿನ್ಯಾಗ ನಾ ಊಟಕ್ಕ ಹೋಗಿದ್ದೆ. ಈ ನೌಕರಿ ಹೋದ್ರ ನಮ್ಮವ್ವನ್ನ ಕರ್ಕೊಂಡು ಎಲ್ಲಿಗಿ ಹೋಗ್ಲಿ?"

"ಯಾರೋ ನಿನ್ನ ಪಾಸ್‌ವರ್ಡ್ ನೋಡ್ಯಾರ, ಅಷ್ಟ. ಬದ್ಲಿ ಮಾಡೂಣು" ಎಂದ ಯಂಕೇಶ. ಬದಲಿಸಿದರು. ಮರುದಿನವೇ ಮಧ್ಯಾಹ್ನ ಅದೇ ಗೇಟು ಮತ್ತೆ ಎದ್ದಿತು, ಮತ್ತೆ ಗೀತಾಳ ಹೆಸರೇ ಬಂತು.

ಯಂಕೇಶನಿಗೆ ಇದು ಮೊದಲು ಲೆಕ್ಕ ಬಿಡಿಸಿದಂಥ ಮೋಜು ಅನಿಸಿತ್ತು. ಪಾಸ್‌ವರ್ಡ್ ಬದಲಾದರೂ ಹಳೆಯದು ಎಲ್ಲೋ ನಡೆಯುತ್ತಿರಬೇಕು ಎಂದುಕೊಂಡ. ಡೈರೆಕ್ಟರಿಯ ಸಂಪರ್ಕ ಕಡಿದರೂ ಕೆಲಸ ನಿಲ್ಲಬಾರದೆಂದು ಪ್ರತಿ ಕಂಪ್ಯೂಟರೂ ಒಮ್ಮೆ ಬಂದವರ ಗುರುತನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಆ ನೆನಪನ್ನು ಎಲ್ಲ ಕಡೆಯೂ ಒಂದೊಂದಾಗಿ ಅಳಿಸಿದ. ಆಮೇಲೆ ಡೈರೆಕ್ಟರಿಯಲ್ಲಿ ಗೀತಾಳ ಲಾಗಿನ್ನನ್ನೇ ಬಂದ್ ಮಾಡಿದ. ಅವಳನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹೆಸರು ಹೊಡೆಯಲು ಹೇಳಿದ. ಕಂಪ್ಯೂಟರು ಅವಳನ್ನು ಒಳಗೆ ಬಿಡಲಿಲ್ಲ.

"ಈಗ ನಿನ್ನ ಹೆಸರಿನ್ಯಾಗ ಯಾರೂ ಬರಾಕ ಆಗಂಗಿಲ್ಲ. ನೀನೂ ಬರಂಗಿಲ್ಲ, ಕಳ್ಳನೂ ಬರಂಗಿಲ್ಲ" ಎಂದು ನಕ್ಕ.

ಇಬ್ಬರೂ ಡಬ್ಬಿ ಬಿಚ್ಚಿದರು. ಗೀತಾ ರೊಟ್ಟಿ ಮುರಿಯುತ್ತಿದ್ದವಳು ಹಾಗೇ ನಿಂತಳು. ಗೋಡೆಯ ದೊಡ್ಡ ಪರದೆಯಲ್ಲಿ ಮೇಲಿನ ಗೇಟಿನ ಹಸಿರು ಪಟ್ಟಿ ಮೆಲ್ಲಗೆ ಏರುತ್ತಿತ್ತು. ಪಕ್ಕದಲ್ಲಿ ಅವಳ ಹೆಸರಿತ್ತು. ರೂಮಿನಲ್ಲಿ ಅವರಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ, ಅವಳ ಕೈಯಲ್ಲಿ ರೊಟ್ಟಿಯಿತ್ತು. ಯಂಕೇಶನಿಗೆ ತಾನೇ ಬೀಗ ಹಾಕಿ ಚಾವಿ ಜೇಬಿನಲ್ಲಿಟ್ಟುಕೊಂಡ ಮನೆಯೊಳಗೆ ಯಾರೋ ಪಾತ್ರೆ ಸರಿಸಿದ ಸದ್ದು ಕೇಳಿದಂತಾಯಿತು.

"ಅಣ್ಣಾರ" ಎಂದಳು ಗೀತಾ, ಬಹಳ ಸಣ್ಣ ದನಿಯಲ್ಲಿ. "ಅದು ನನ್ನ ನಂಬರಲ್ರಿ. ನಮ್ಮಪ್ಪಂದು."

ಅವನಿಗೂ ಅದೇ ಹೊತ್ತಿಗೆ ಹೊಳೆದಿತ್ತು. ಓಬಳೆಪ್ಪನ ಹಳೆಯ ಕಡತಗಳ ಜಾಗಕ್ಕೆ ಹೋಗಿ ಹುಡುಕಿದ. ಒಂದು ಮೂಲೆಯಲ್ಲಿ ಉದ್ದನೆಯ, ಅರ್ಥವಿಲ್ಲದ ಅಕ್ಷರಗಳ ಒಂದು ಸಾಲು ಸಿಕ್ಕಿತು. ಈ ಕಸುಬಿನವರು ಅದನ್ನು ಚಾವಿ ಎನ್ನುತ್ತಾರೆ. ಅದರ ಜೋಡಿ ಯಾವ ಕಂಪ್ಯೂಟರಿನಲ್ಲಿ ಇದೆಯೋ ಅಲ್ಲಿಂದ ಬಂದವರಿಗೆ ಪಾಸ್‌ವರ್ಡ್ ಕೇಳುವುದಿಲ್ಲ, ನೇರ ಒಳಗೆ. ಯಂಕೇಶ ಇಷ್ಟು ದಿನ ಬದಲಿಸಿದ್ದು, ಬಂದ್ ಮಾಡಿದ್ದು ಎಲ್ಲ ಪಾಸ್‌ವರ್ಡಿನ ಬಾಗಿಲನ್ನು. ಈ ಹಿತ್ತಲ ಬಾಗಿಲು ಓಬಳೆಪ್ಪನ ಕಾಲದಿಂದ ತೆರೆದೇ ಇತ್ತು, ಮಗಳಿಗೆ ಅಪ್ಪನ ಜಾಗ ಕೊಡುವಾಗ ಯಂಕೇಶನೇ ಅದನ್ನೂ ಸೇರಿಸಿ ಕೊಟ್ಟಿದ್ದ. ಸಾಲಿನ ಕೊನೆಯಲ್ಲಿ ಚಾವಿ ಮಾಡಿದ ಕಂಪ್ಯೂಟರಿನ ಹೆಸರಿತ್ತು. ಅದು ಗೋವಿಂದರಾಜ ಸಾಹೇಬರ ಚೇಂಬರಿನದು.

ಯಂಕೇಶ ಗೀತಾಗೆ ಆ ಹೆಸರು ಹೇಳಲಿಲ್ಲ, ಫೋನಿನಲ್ಲಿ ಒಂದು ಫೋಟೋ ಹೊಡೆದುಕೊಂಡ. ಸಾಲನ್ನು ಅಳಿಸಿಬಿಡೋಣವೆಂದು ಬೆರಳು ಇಟ್ಟವನು ತೆಗೆದ. ಅಳಿಸಿದರೆ ನಾಳೆಯಿಂದ ಗೇಟು ಏಳುವುದಿಲ್ಲ. ಆಗ ಎಲ್ಲರೂ ಏನೆನ್ನುತ್ತಾರೆ? ಹುಡುಗಿಯ ಲಾಗಿನ್ ಬಂದ್ ಮಾಡಿದ್ದೇ ತಡ ನಿಂತುಹೋಯಿತು, ಅಂದರೆ ಅವಳದೇ ಕೆಲಸ ಎನ್ನುತ್ತಾರೆ. ಅಳಿಸದಿದ್ದರೆ ದಿನಾ ಅವಳ ಹೆಸರಿನಲ್ಲಿ ಇನ್ನೊಂದು ಬೀಳುತ್ತದೆ. ಹೀಗೆ ಎರಡೂ ಕಡೆಯಿಂದ ಅದು ಅವಳ ಕೊರಳಿಗೇ ಬರುತ್ತಿತ್ತು.

ಮರುದಿನ ಗೋವಿಂದರಾಜರು ಅವನನ್ನೇ ಕರೆಸಿದರು. ಗೀತಾಗೆ ಕೊಟ್ಟಂತೆ ಅವನಿಗೂ ಚಹಾ ಕೊಟ್ಟರು. ಮೂಲೆಯಲ್ಲಿ ಆ ಕಂಪ್ಯೂಟರಿತ್ತು, ಅದಕ್ಕೆ ಕ್ರೋಶದ ಬಟ್ಟೆ ಹೊದಿಸಿದ್ದರು.

"ಹುಡುಗಿ ಲಾಗಿನ್ ಬಂದ್ ಮಾಡಿದ್ರಂತ, ಛಲೋ ಆತು" ಎಂದರು. "ಒಂದ್ ಮಾತು ಯಂಕೇಶ. ಆಕಿಗಿ ಓಬಳೆಪ್ಪನ ನಂಬರ್ ಕೊಟ್ಟವ್ರು ಯಾರು?"

"ನಾನ ರೀ ಸರ್."

"ಹಂಗ ಕೊಡಬಹುದೇನು?"

"ಕೊಡಬಾರದ್ರಿ."

"ಹೌದಲ್ಲ. ನಾನೂ ಹಂಗ ಅನ್ಕೊಂಡೆ." ಸಾಹೇಬರು ಬಿಸ್ಕತ್ತಿನ ತಟ್ಟೆಯನ್ನು ಅವನ ಕಡೆ ಸರಿಸಿದರು. "ಮ್ಯಾಲಿನವ್ರು ವಿಚಾರಣಿಗಿ ಬರ್ತಾರ. ನಾನೇನೂ ಹೇಳಾಕ ಹೋಗಂಗಿಲ್ಲ. ನಿಮ್ಮ ಕಾಂಟ್ರ್ಯಾಕ್ಟು ಬ್ಯಾರೆ ಮುಗೀಲಿಕ್ಕ ಬಂದೈತಿ. ಹುಡುಗಿ ಹೋದ್ರ ಒಬ್ಬಾಕಿ ಹೋಗ್ತಾಳ, ನೀವು ಉಳೀತೀರಿ. ವಿಚಾರ ಮಾಡ್ರಿ, ಚಹಾ ತಗೊಳ್ರಿ."

ಚಹಾ ಬಹಳ ಸಿಹಿಯಾಗಿತ್ತು. ಸಾಹೇಬರು ಬೆದರಿಸಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಇದ್ದದ್ದನ್ನು ಇದ್ದಂತೆ ಎದುರಿಗಿಟ್ಟಿದ್ದರು, ಅದೇ ಹೆಚ್ಚು ಹೆದರಿಕೆಯದಾಗಿತ್ತು. ಮನೆಗೆ ಹೋಗಿ ಲಲಿತಾಗೆ ಎಲ್ಲ ಹೇಳಿದ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಆ ಹುಡುಗಿ ತಪ್ಪಿಲ್ಲಂತ ಗೊತ್ತಿದ್ದವ್ರು ನೀವೊಬ್ರ ಏನು?"

"ಒಬ್ಬನ."

"ಹಂಗಾದ್ರ ನನ್ನ ಯಾಕ ಕೇಳ್ತೀರಿ" ಎಂದಳು. ಅವಳಿಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಅವನು ಕೇಳಲಿಲ್ಲ.

ವಿಚಾರಣೆ ಕಂಟ್ರೋಲ್ ರೂಮಿನಲ್ಲೇ ನಡೆಯಿತು. ಮೇಲಧಿಕಾರಿಯೊಬ್ಬರು ಬಂದು ನಡುವೆ ಕೂತರು, ಪಕ್ಕದಲ್ಲಿ ಗೋವಿಂದರಾಜರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಗೀತಾ ಗೋಡೆಗೆ ಆತು ನಿಂತಿದ್ದಳು. ಯಂಕೇಶ ಒಂದು ಮಾತು ಹೇಳುವುದಿದೆ, ತೋರಿಸುವುದೂ ಇದೆ ಎಂದ. ತೋರಿಸು ಎಂದರು. ಅವನು ಕಂಪ್ಯೂಟರಿನ ಮುಂದೆ ಕೂತು ತನ್ನ ಹೆಸರು ಹೊಡೆದ, ಪಾಸ್‌ವರ್ಡ್ ಹೊಡೆದ. ಒಳಗೆ ಬಿಡಲಿಲ್ಲ.

ಇನ್ನೊಮ್ಮೆ ಹೊಡೆದ. ಬಿಡಲಿಲ್ಲ.

ಪರದೆಯ ಮೇಲೆ ಬಂದದ್ದನ್ನು ಆಗ ಓದಿದ. ಪಾಸ್‌ವರ್ಡ್ ತಪ್ಪಾದರೆ ಬರುವ ಮಾತೇ ಬೇರೆ, ಇದು ಬೇರೆ. ನೀನು ಯಂಕೇಶನೇ ಹೌದು ಎಂದು ಡೈರೆಕ್ಟರಿ ಒಪ್ಪಿಕೊಂಡಿತ್ತು. ಆದರೆ ಒಳಗೆ ಬರುವ ಹಕ್ಕು ನಿನಗಿಲ್ಲ ಎಂದಿತ್ತು. ಎಷ್ಟೋ ಜನರಿಗೆ ಈ ವ್ಯತ್ಯಾಸವನ್ನು ಅವನೇ ನಗುತ್ತ ಬಿಡಿಸಿ ಹೇಳಿದ್ದ. ಹಕ್ಕಿದ್ದವರ ಗುಂಪಿನಿಂದ ಯಾರೋ ಅವನನ್ನು ತೆಗೆದುಹಾಕಿದ್ದರು.

"ಏನಾತ್ರಿ ಯಂಕೇಶ?" ಎಂದರು ಗೋವಿಂದರಾಜರು, ಬಹಳ ಮೆತ್ತಗೆ. ಆಮೇಲೆ ಮೇಲಧಿಕಾರಿಯ ಕಡೆ ತಿರುಗಿದರು. "ಇವರ ಗುತ್ತಿಗೆ ಏಜೆನ್ಸಿಯವ್ರಿಗಿ ಹೇಳಿ ಬೆಳಿಗ್ಗೆ ತೆಗಿಸೀನಿ ಸರ್. ವಿಚಾರಣಿ ಮುಗಿಯೂ ತನಕ ಯಾರೂ ಮುಟ್ಟಬಾರದಲ್ಲ."

ಮೇಲಧಿಕಾರಿ ಸರಿ ಎಂದು ತಲೆ ಆಡಿಸಿದರು. ಅದು ಸರಿಯೇ ಆಗಿತ್ತು, ಯಾರು ನೋಡಿದರೂ ಸರಿ ಎನ್ನುವಂಥದ್ದೇ. ಯಂಕೇಶ ಎದ್ದು ನಿಂತು ಬಾಯಲ್ಲೇ ಹೇಳಿದ. ಓಬಳೆಪ್ಪನ ನಂಬರು ಗೀತಾಗೆ ಕೊಟ್ಟವನು ತಾನು, ಅದರಲ್ಲಿ ಹಳೆಯ ಚಾವಿ ಇತ್ತು, ಲಾಗಿನ್ ಬಂದ್ ಮಾಡಿ ಹುಡುಗಿಯನ್ನು ಪಕ್ಕದಲ್ಲೇ ಕೂರಿಸಿಕೊಂಡಾಗಲೂ ಗೇಟು ಎದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ, ಚಾವಿ ಸಾಹೇಬರ ಚೇಂಬರಿನ ಕಂಪ್ಯೂಟರಿನದು ಎಂದ. ಹೇಳುತ್ತ ಫೋಟೋ ತೋರಿಸಿದ. ಗೀತಾ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಗೋವಿಂದರಾಜರಿಗೆ ಸಿಟ್ಟು ಬರಲಿಲ್ಲ.

"ನನ್ನ ಚೇಂಬರಿನ ಕಂಪ್ಯೂಟರ್ ನೋಡ್ಕೊಳ್ಳಾವ್ರು ಯಾರು ಯಂಕೇಶ?"

"ನಾನ ರೀ."

"ಅದರಾಗ ಚಾವಿ ಮಾಡಾಕ, ಓಬಳೆಪ್ಪನ ಜಾಗದಾಗ ಇಡಾಕ ನಿಮಗ ಬರ್ತೈತಿಲ್ಲೋ?"

"ಬರ್ತೈತ್ರಿ. ಆದ್ರ ಅದರ ತಾರೀಖು ನಾ ಇಲ್ಲಿ ಸೇರೂಕಿನ್ನ ಮೊದಲಿಂದು ಐತಿ."

"ಆ ತಾರೀಖು ಬದ್ಲಿ ಮಾಡಾಕ ಬರ್ತೈತಿಲ್ಲೋ?"

ಯಂಕೇಶ ಸುಳ್ಳು ಹೇಳಬಹುದಿತ್ತು. ಅಲ್ಲಿದ್ದ ಯಾರಿಗೂ ಗೊತ್ತಾಗುತ್ತಿರಲಿಲ್ಲ. "ಬರ್ತೈತ್ರಿ" ಎಂದ. ಎಲ್ಲ ಬಾಗಿಲಿನ ಚಾವಿ ಇದ್ದವನ ಮೇಲೆ ಯಾವ ಕಳವನ್ನಾದರೂ ಹೊರಿಸಬಹುದು ಎಂಬುದು ಅವನಿಗೆ ಆ ಗಳಿಗೆಯಲ್ಲಿ ತಿಳಿಯಿತು. ಗುಮಾಸ್ತ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ. ನಂಬರು ಕೊಟ್ಟದ್ದನ್ನು ಒಪ್ಪಿಕೊಂಡಿರುತ್ತಾನೆ, ತಾರೀಖು ಬದಲಿಸಲು ಬರುವುದನ್ನೂ ಒಪ್ಪಿಕೊಂಡಿರುತ್ತಾನೆ.

ಗೀತಾಳ ತಪ್ಪು ಕಾಣುವುದಿಲ್ಲ, ಗುತ್ತಿಗೆ ನೌಕರನ ಬೇಜವಾಬ್ದಾರಿಯಿಂದ ಹೀಗಾಗಿದೆ ಎಂದು ವಿಚಾರಣೆ ಮುಗಿಯಿತು. ಅವಳಿಗೆ ಹೊಸ ನಂಬರು ಕೊಡಬೇಕೆಂದು ಹೇಳಿದರು. ಯಂಕೇಶನನ್ನು ಕೆಲಸದಿಂದ ಬಿಡಿಸಿದರು. ಹೊಳಿಯಮ್ಮನ ಕಡೆಯಿಂದ ಒಂದು ಚೀಲ ಸೋನಾಮಸೂರಿ ಬಂತು. ಯಂಕೇಶ ಬೇಸರ ಮಾಡಿಕೊಳ್ಳಲಿಲ್ಲವೆಂದರೆ ಸುಳ್ಳಾಗುತ್ತದೆ. ಕೆಲವು ದಿನ ಮಾತು ಬಿಟ್ಟು ಕೂತ. ಆದರೂ ಹುಡುಗಿ ಉಳಿದಳಲ್ಲ ಎಂಬ ಒಂದೇ ಸಮಾಧಾನದ ಮೇಲೆ ಕುಕನೂರಿಗೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಪಹಣಿ, ಜಾತಿ ಪ್ರಮಾಣಪತ್ರ ತೆಗೆದುಕೊಡುವ ಆನ್‌ಲೈನ್ ಸೆಂಟರ್ ಹಾಕಿದ. ಜನ ಬರತೊಡಗಿದರು.

ಬೇಸಿಗೆಯಲ್ಲಿ ಒಂದು ದಿನ ಗೀತಾ ಬಂದಳು. ಯಲಬುರ್ಗಾಕ್ಕೆ ಯಾರದೋ ಮದುವೆಗೆ ಹೋಗಿ ವಾಪಸು ಹೊರಟಿದ್ದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು, ಕೈಗೆ ಹೊಸ ಗಡಿಯಾರ ಬಂದಿತ್ತು. ಲಲಿತಾ ಚಹಾ ಮಾಡಿದಳು. ಪ್ರೊಬೇಷನ್ ಮುಗಿದು ನೌಕರಿ ಕಾಯಂ ಆಯಿತು ಎಂದಾಗ ಯಂಕೇಶನಿಗೆ ನಿಜವಾಗಿಯೂ ಸಂತೋಷವಾಯಿತು.

"ಸಾಹೇಬ್ರು ಹೆಂಗ ಅದಾರ?"

"ಛಲೋ ಅದಾರ್ರಿ. ನನ್ನ ಮ್ಯಾಲೆ ಭಾಳ ಕಾಳಜಿ. ನಿಮ್ಮ ಜಾಗಕ್ಕ ಹೊಸಬ್ರು ಬಂದಾರಲ್ಲ, ಅವ್ರಿಗಿ ಹೇಳಿ ನನ್ನ ಲಾಗಿನ್ ಸಲೀಸ್ ಮಾಡಿಸಿ ಕೊಟ್ಟಾರ. ಈಗ ಪಾಸ್‌ವರ್ಡ್ ಹೊಡೆಯೂ ತ್ರಾಸ ಇಲ್ಲ."

ಯಂಕೇಶ ಕಪ್ಪನ್ನು ಕೆಳಗಿಟ್ಟ. ಒಳಗಿದ್ದ ಲಲಿತಾ ಬಾಗಿಲಿಗೆ ಬಂದು ನಿಂತಳು.

"ಗೀತಾ, ಅದು ಯಾವ ಬಾಗಿಲಂತ ನಿನಗ ಗೊತ್ತೈತೇನು? ಅವತ್ತ ವಿಚಾರಣ್ಯಾಗ ನಾ ಹೇಳಿದ ಚಾವಿ ಅದ. ಈಗ ನಿನ್ನ ಸ್ವಂತ ನಂಬರಿಗೇ ಹಾಕ್ಯಾರ. ನಾಳೆ ಏನರ ಆದ್ರ..."

"ಗೊತ್ತೈತ್ರಿ ಅಣ್ಣಾರ" ಎಂದಳು ಗೀತಾ. ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಕಾಯಂ ಆರ್ಡರ್ ಕೊಡೂ ದಿನ ಕರದು ಕೇಳಿದ್ರು. ಚಾವಿ ಹಾಕಿಸ್ಲೇನು ತಂಗಿ ಅಂದ್ರು. ಆರ್ಡರ್ ಅವರ ಕೈಯಾಗ ಇತ್ತು."

"ನೀ ಏನಂದಿ?"

ಅವಳು ಕೈಯ ಹೊಸ ಗಡಿಯಾರವನ್ನು ತಿರುವಿದಳು. "ನಮ್ಮಪ್ಪಗೂ ಗೊತ್ತಿತ್ರಿ" ಎಂದಳು. "ಕಡೀಕ ಒಂದ್ ದಿನ ಸಾಹೇಬ್ರಿಗಿ ಸಾಕ್ರಿ ಅಂತ ಹೇಳಿ ಬಂದಿದ್ದ. ಅದಾಗಿ ಮರುದಿನ ಮುಂಜಾನೆ ಕಸ ತೆಗಿಯಾಕ ಹೋದ."

ಗಂಗಾವತಿ ಬಸ್ಸಿಗೆ ಹೊತ್ತಾಯಿತೆಂದು ಅವಳು ಎದ್ದಳು. ಬೇಡ ಎನ್ನಬೇಕು, ಬಿಟ್ಟು ಬಾ ಎನ್ನಬೇಕು ಎಂದು ಯಂಕೇಶ ಮೆಟ್ಟಿಲ ತನಕ ಹೋದ. ಬಿಟ್ಟು ಬಂದು ಏನು ಮಾಡಲಿ ಎಂದರೆ ಏನು ಹೇಳುವುದೆಂದು ತಿಳಿಯದೆ ಅಲ್ಲೇ ನಿಂತ. ಅವಳು ಲಲಿತಾಳ ಕೈಯಿಂದ ಕುಂಕುಮ ಹಚ್ಚಿಸಿಕೊಂಡು, ಇಬ್ಬರಿಗೂ ನಮಸ್ಕಾರ ಮಾಡಿ ಬಸ್ಸು ಹತ್ತಿದಳು. ಮುಂದಿನ ಸರದಿಗೆ ನೀರು ಬಿಡುತ್ತಾರೆ, ಮೇಲಿನ ಗೇಟು ಮತ್ತೆ ಏಳುತ್ತದೆ, ಪರದೆಯ ಮೇಲೆ ಗೀತಾ ಎಂದೇ ಬರುತ್ತದೆ. ಈ ಸಲ ನಂಬರೂ ಅವಳದೇ, ಗೇಟು ಎತ್ತಿದ ಕೈ ಬೇರೆಯವರದು ಎಂದು ಎದ್ದು ನಿಂತು ಹೇಳಲು ಅಲ್ಲಿ ಯಾರೂ ಇರುವುದಿಲ್ಲ.